ಲೋಹ ಸಿಕ್ಕರೆ ಅಣು ಬೆಳಗುವುದು ಹೇಗೆ: ಪಿಇಟಿ ಟಿಪ್ಪಣಿ

ಲೋಹದ ಅಯಾನು ಸಿಕ್ಕಾಗ ಬೆಳಗಿ ಅದನ್ನು ತೋರಿಸಿಕೊಡುವ ಅಣುಗಳ ಮಾತಿದು. ಪಿಇಟಿ ಅಂದರೆ ಬೆಳಕು ಬಿದ್ದಾಗ ನಡೆಯುವ ಎಲೆಕ್ಟ್ರಾನ್ ವರ್ಗಾವಣೆ. ಇಂಥ ಅಣುವಿನಲ್ಲಿ ಬೆಳಗುವ ಭಾಗ ಫ್ಲೋರೋಫೋರ್, ಉದಾಹರಣೆಗೆ ಆಂಥ್ರಸೀನ್. ಲೋಹ ಹಿಡಿಯುವ ಭಾಗ ರಿಸೆಪ್ಟರ್, ಹೆಚ್ಚಾಗಿ ಅಮೀನ್, ಅಂದರೆ ನೈಟ್ರೋಜನ್ ಇರುವ ಗುಂಪು. ನಡುವೆ ಒಂದು ಸಿಎಚ್2 ಕೊಂಡಿ. ಇಷ್ಟು ಎಲ್ಲರಿಗೂ ಗೊತ್ತು.

ಲೋಹ ಇಲ್ಲದಾಗ ಅಣು ಯಾಕೆ ಬೆಳಗುವುದಿಲ್ಲ? 'ನೈಟ್ರೋಜನ್ನಿನ ಎಲೆಕ್ಟ್ರಾನ್ ಫ್ಲೋರೋಫೋರ್‌ಗೆ ಹೋಗುತ್ತದೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಸರಿ, ಅದರ ಯಾವ ಮಟ್ಟಕ್ಕೆ? ಲೂಮೊಗೆ (ಎಲೆಕ್ಟ್ರಾನ್ ಇಲ್ಲದ ಮಟ್ಟಗಳಲ್ಲಿ ಅತಿ ಕೆಳಗಿನದು) ಅಂದುಕೊಂಡರೆ ಮುಂದಿನದೆಲ್ಲ ಗೋಜಲು.

ನಿಧಾನವಾಗಿ ನೋಡೋಣ. ಬೆಳಕು ಬಿದ್ದಾಗ ಫ್ಲೋರೋಫೋರ್‌ನ ಹೋಮೊದಿಂದ (ಎಲೆಕ್ಟ್ರಾನ್ ತುಂಬಿದ ಮಟ್ಟಗಳಲ್ಲಿ ಅತಿ ಮೇಲಿನದು) ಒಂದು ಎಲೆಕ್ಟ್ರಾನ್ ಲೂಮೊಗೆ ಏರುತ್ತದೆ. ಹೋಮೊದಲ್ಲಿ ಒಂದು ಜಾಗ ಖಾಲಿ. ಮೇಲೇರಿದ್ದು ಅಲ್ಲಿಗೇ ಇಳಿದರೆ ತಾನೇ ಬೆಳಕು? ಆದರೆ ನೈಟ್ರೋಜನ್ನಿನ ಲೋನ್ ಪೇರ್ (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ಈ ಹೋಮೊಗಿಂತ ಸ್ವಲ್ಪ ಮೇಲಿದೆ. ಬಸ್ಸಿನಲ್ಲಿ ಎದ್ದ ಕೂಡಲೇ ಪಕ್ಕದವರು ಸೀಟು ಹಿಡಿಯುವ ಹಾಗೆ, ಅಲ್ಲಿಂದ ಒಂದು ಎಲೆಕ್ಟ್ರಾನ್ ಆ ಜಾಗಕ್ಕೆ ಜಾರುತ್ತದೆ. ಹೋಗುವುದು ಹೋಮೊಗೆ, ಲೂಮೊಗೆ ಅಲ್ಲ! ಮೇಲಿದ್ದ ಎಲೆಕ್ಟ್ರಾನ್ ಕೊನೆಗೆ ನೈಟ್ರೋಜನ್ ಕಡೆ ಸೇರುತ್ತದೆ, ಬೆಳಕು ಕೊಡದೆ.

ಲೋಹ ಬಂದು ಲೋನ್ ಪೇರ್ ಹಿಡಿದರೆ ಅದರ ಮಟ್ಟ ಫ್ಲೋರೋಫೋರ್‌ನ ಹೋಮೊಗಿಂತ ಕೆಳಗಿಳಿಯುತ್ತದೆ. ಕೆಳಗಿನಿಂದ ಎಲೆಕ್ಟ್ರಾನ್ ತಾನಾಗಿ ಹತ್ತುವುದಿಲ್ಲ. ಜಾಗ ಖಾಲಿಯೇ ಉಳಿಯಿತು, ಅಣು ಬೆಳಗಿತು. ಪರೀಕ್ಷೆಯಲ್ಲಿ ಮೊದಲು ಈ ಮೂರು ಗೆರೆ ಎಳೆಯಿರಿ: ಲೂಮೊ, ಹೋಮೊ, ಲೋನ್ ಪೇರ್. ಮೂರನೆಯದನ್ನು ಮೇಲೆ ಕೆಳಗೆ ಸರಿಸಿದರೆ ಉತ್ತರ ತಾನೇ ಬರುತ್ತದೆ. ಆಮ್ಲದ ಪ್ರೋಟಾನ್ ಕೂಡ ಲೋನ್ ಪೇರ್ ಹಿಡಿಯುತ್ತದೆ, ಲೋಹವಿಲ್ಲದೆಯೂ ಅಣು ಬೆಳಗಬಹುದು, ಅದಕ್ಕೇ ಬಫರ್ (ಆಮ್ಲೀಯತೆ ಬದಲಾಗದಂತೆ ನೋಡಿಕೊಳ್ಳುವ ದ್ರಾವಣ) ಇಲ್ಲದೆ ಅಳೆದರೆ ಮೋಸ.

ಸತು, ಕ್ಯಾಡ್ಮಿಯಂ ಅಯಾನುಗಳ ಡಿ ಕಕ್ಷೆ ಪೂರ್ತಿ ತುಂಬಿದೆ, ಅವುಗಳಲ್ಲಿ ಈ ಕತೆ ಸಲೀಸು. ಆದರೆ ಎರಡೂ ಒಂದೇ ಥರ ವರ್ತಿಸುವುದರಿಂದ ಬೇರೆ ಮಾಡುವುದೇ ಕಷ್ಟ. ತಾಮ್ರ, ಪಾದರಸ ಅಯಾನುಗಳು ಸಾಮಾನ್ಯವಾಗಿ ಬೆಳಕನ್ನು ನುಂಗುತ್ತವೆ. ಅಲ್ಲಿ ರೋಡಮೀನ್ ಎಂಬ ಬಣ್ಣದ ಉಪಾಯ ಚೆನ್ನ: ಮುಚ್ಚಿದ ಉಂಗುರ ಬಣ್ಣವಿಲ್ಲದ್ದು, ಲೋಹ ಅದನ್ನು ತೆರೆದರೆ ಗುಲಾಬಿ ಬಣ್ಣ, ಜೊತೆಗೆ ಬೆಳಕು. ಪಾದರಸಕ್ಕೆ ಗಂಧಕ ಇಷ್ಟ, ಹಾಗಾಗಿ ರಿಸೆಪ್ಟರ್‌ನಲ್ಲಿ ಗಂಧಕ ಇಡುತ್ತಾರೆ.

ನನ್ನ ಮೆಚ್ಚಿನ ಅಡ್ಡದಾರಿ: ಪತ್ತೆ ಮಿತಿ (ಅಣು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಕಂಡ ತಕ್ಷಣ ಏಕಮಾನ ಬದಲಿಸಿ. ಕುಡಿಯುವ ನೀರಿನಲ್ಲಿ ಅಜೈವಿಕ ಪಾದರಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯೂಎಚ್‌ಒ) ಮಾರ್ಗಸೂಚಿ ಲೀಟರಿಗೆ 6 ಮೈಕ್ರೋಗ್ರಾಂ. ಅದನ್ನು ಪಾದರಸದ ಪರಮಾಣು ತೂಕ 200.6ರಿಂದ ಭಾಗಿಸಿದರೆ ಸುಮಾರು 30 ನ್ಯಾನೋಮೋಲಾರ್. ಸಂಶೋಧನಾ ಪ್ರಬಂಧದಲ್ಲಿ ಪತ್ತೆ ಮಿತಿ 1 ಮೈಕ್ರೋಮೋಲಾರ್ ಅಂತ ಇದ್ದರೆ ಅದು ಇದರ 33 ಪಟ್ಟು ಜಾಸ್ತಿ. ಅಣು ಎಷ್ಟೇ ಚೆಂದ ಹೊಳೆದರೂ ಕುಡಿಯುವ ನೀರಿಗೆ ಅದು ಸಾಲದು.