ಲಾಗಿನ್ ಯಾರದು, ಕೈ ಯಾರದು?

ಅಡಿಕೆ ವಹಿವಾಟು ಜೋರಾದ ದಿನಗಳಲ್ಲಿ ಶಿವಮೊಗ್ಗದ ಮಂಡಿಗಳಲ್ಲಿ ಒಂದೇ ಕಂಪ್ಯೂಟರಿಗೆ ಮೂರ್ನಾಲ್ಕು ಜನ ಕೂರುತ್ತಾರೆ. ಬೆಳಿಗ್ಗೆ ಒಬ್ಬರು ರಾಶಿ, ಬೆಟ್ಟೆ, ಗೊರಬಲಿನ ಲಾಟ್ ಬರೆಯುತ್ತಾರೆ. ಮಧ್ಯಾಹ್ನ ಇನ್ನೊಬ್ಬರು ಟ್ಯಾಲಿ ತೆರೆದು ಲೆಕ್ಕ ಹಾಕುತ್ತಾರೆ. ಎಲ್ಲರಿಗೂ ಪಾಸ್‌ವರ್ಡ್ ಒಂದೇ. ಎಷ್ಟೋ ಕಡೆ ಅದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿರುತ್ತದೆ. ಸಣ್ಣ ಫೌಂಡ್ರಿ, ಸೊಸೈಟಿ, ಗಾಡಿ ಷೋರೂಮ್ ಎಲ್ಲಿ ನೋಡಿದರೂ ಕಥೆ ಹೆಚ್ಚು ಕಡಿಮೆ ಇದೇ.

ಅಂಥ ಒಂದು ಮಂಡಿಯಿಂದ ರೈತರ ಪಟ್ಟಿ, ಅವರ ಬ್ಯಾಂಕ್ ವಿವರ, ಯಾರಿಗೆ ಯಾವ ಧಾರಣೆ ಕೊಟ್ಟಿದ್ದು ಅನ್ನುವುದೆಲ್ಲ ಎದುರಾಳಿಯ ಕೈ ಸೇರಿತು ಅಂದುಕೊಳ್ಳಿ. ಮಾಲೀಕರ ಅನುಮಾನ ಮೊದಲು ಯಾರ ಮೇಲೆ ಹೋಗುತ್ತದೆ? ಮೊನ್ನೆ ಸಂಬಳ ಜಾಸ್ತಿ ಕೇಳಿದ ಗುಮಾಸ್ತನ ಮೇಲೆ. ಡಿಜಿಟಲ್ ಫೊರೆನ್ಸಿಕ್ಸ್ ಅಂದರೆ ಕಂಪ್ಯೂಟರಿನಲ್ಲಿ ಉಳಿದ ಗುರುತುಗಳಿಂದ ಕಳ್ಳನನ್ನು ಹಿಡಿಯುವ ವಿದ್ಯೆ ಅಂತ ಎಲ್ಲರೂ ಹೇಳುತ್ತಾರೆ. ಆ ಗುಮಾಸ್ತ ತಪ್ಪು ಮಾಡಿಲ್ಲದಿದ್ದರೆ ಅವನನ್ನು ಬಿಡಿಸುವ ವಿದ್ಯೆಯೂ ಅದೇ. ಊರಲ್ಲಿ ಒಮ್ಮೆ ಹೆಸರು ಕೆಟ್ಟರೆ ಇನ್ನೊಂದು ಮಂಡಿಯಲ್ಲಿ ಕೆಲಸ ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಿರುವವರಿಗೆ ಇದು ಸಣ್ಣ ವಿಷಯವಲ್ಲ.

ಮಂಡಿಯವರು ಮೊದಲು ಮಾಡುವ ತಪ್ಪು ಎಂದರೆ ಕಂಪ್ಯೂಟರ್ ಗೊತ್ತಿರುವ ಹುಡುಗನನ್ನು ಕರೆಸಿ ಹುಡುಕಿಸುವುದು. ಅವನು ತೆರೆದ ಒಂದೊಂದು ಫೈಲೂ ಹೊಸ ಗುರುತು ಬಿಡುತ್ತದೆ, ಹಳೆಯದನ್ನು ಕೆಡಿಸುತ್ತದೆ. ಅಳಿಸಿದ ಫೈಲ್ ವಿಷಯದಲ್ಲಂತೂ ಇದು ದೊಡ್ಡ ನಷ್ಟ. ವಿಂಡೋಸ್‌ನಲ್ಲಿ ಡಿಲೀಟ್ ಒತ್ತಿ ರೀಸೈಕಲ್ ಬಿನ್ನೂ ಖಾಲಿ ಮಾಡಿದರೆ ಫೈಲ್ ಆ ಕ್ಷಣಕ್ಕೆ ಹೋಗಿಬಿಡುವುದಿಲ್ಲ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ತೋಟ ಮಾಯವಾಗುತ್ತದೆಯೇ? ಹಾಗೆಯೇ ಇದು. ಡಿಸ್ಕಿನ ಮುಖ್ಯ ಪಟ್ಟಿಯಲ್ಲಿ ಆ ಜಾಗ ಖಾಲಿ ಅಂತ ಗುರುತಾಗುತ್ತದೆ ಅಷ್ಟೇ. ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ಒಳಗಿನದು ಉಳಿದಿರುತ್ತದೆ. ಇದು ಹಳೆಯ ಹಾರ್ಡ್ ಡಿಸ್ಕಿನ ಮಾತು. ಈಗಿನ ಎಸ್‌ಎಸ್‌ಡಿಗಳು ಖಾಲಿಯಾದ ಜಾಗವನ್ನು ತಾವೇ ಸ್ವಚ್ಛ ಮಾಡಿಕೊಳ್ಳುತ್ತವೆ. ಅಲ್ಲಿ ಯಂತ್ರ ಸುಮ್ನೆ ಆನ್ ಆಗಿದ್ದರೂ ಸಾಕ್ಷ್ಯ ಕರಗುತ್ತಿರುತ್ತದೆ. ಹಾಗಂತ ಗಾಬರಿಯಲ್ಲಿ ಪ್ಲಗ್ ಕಿತ್ತರೆ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿದ್ದದ್ದು ಹೋಗುತ್ತದೆ. ಯಾವುದನ್ನು ಮೊದಲು ಉಳಿಸಬೇಕು ಅಂತ ತೀರ್ಮಾನಿಸಲು ಅನುಭವ ಇರುವವರೇ ಬೇಕು.

ಗೊತ್ತಿರುವವರು ಮೂಲ ಡಿಸ್ಕ್ ಮೇಲೆ ಕೆಲಸ ಮಾಡುವುದಿಲ್ಲ. ಓದಲು ಮಾತ್ರ ಬಿಟ್ಟು ಬರೆಯಲು ಬಿಡದ ಒಂದು ಸಾಧನವನ್ನು ನಡುವೆ ಇಟ್ಟು, ಖಾಲಿ ಜಾಗವೂ ಸೇರಿದಂತೆ ಇಡೀ ಡಿಸ್ಕಿನ ನಕಲು ತೆಗೆಯುತ್ತಾರೆ. ಆಮೇಲೆ ಎರಡಕ್ಕೂ ಹ್ಯಾಶ್, ಅಂದರೆ ಒಳಗಿನದರ ಬೆರಳಚ್ಚಿನಂಥ ಒಂದು ಗುರುತು, ಲೆಕ್ಕ ಹಾಕುತ್ತಾರೆ. ಎರಡೂ ಒಂದೇ ಬಂದರೆ ನಕಲು ಮೂಲದಂತೆಯೇ ಇದೆ ಅಂತ ಅರ್ಥ. ಎಸ್‌ಎಚ್‌ಎ-256 ಅನ್ನುವ ವಿಧಾನದಲ್ಲಿ ಡಿಸ್ಕ್ ಎಷ್ಟೇ ದೊಡ್ಡದಿರಲಿ, ಉತ್ತರ 64 ಅಕ್ಷರ-ಅಂಕಿಗಳ ಒಂದು ಸಾಲು. ಒಳಗೆ ಒಂದೇ ಒಂದು ಅಂಕಿ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ.

ಆ ನಕಲಿನಲ್ಲಿ ಸಿಗುವುದನ್ನು ನೋಡಿದರೆ ಅಚ್ಚರಿಯಾಗುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅದರ ಕಂಪನಿ, ಮಾದರಿ, ಸಾಮಾನ್ಯವಾಗಿ ಸೀರಿಯಲ್ ನಂಬರನ್ನೂ ಬರೆದುಕೊಳ್ಳುತ್ತದೆ. ಅದು ಮೊದಲ ಸಲ ಯಾವಾಗ ಬಂತು, ಕೊನೆಗೆ ಯಾವಾಗ ಬಂತು ಅನ್ನುವುದೂ ಸಿಗುತ್ತದೆ. ಒಂದು ಪ್ರೋಗ್ರಾಂ ಎಷ್ಟು ಸಲ ಓಡಿತು ಅಂತ, ಅದು ಬೇಗ ತೆರೆಯಲೆಂದು ವಿಂಡೋಸ್ ಇಟ್ಟುಕೊಳ್ಳುವ ಪ್ರಿಫೆಚ್ ಫೈಲ್‌ಗಳು ಹೇಳುತ್ತವೆ. ಪೆನ್‌ಡ್ರೈವ್ ಒಳಗಿನ ಫೈಲನ್ನು ಒಮ್ಮೆ ತೆರೆದು ನೋಡಿದ್ದರೆ ಅದರ ಹೆಸರಿರುವ ಶಾರ್ಟ್‌ಕಟ್ ಈ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ, ಪೆನ್‌ಡ್ರೈವ್ ತುಂಗೆಗೆ ಎಸೆದಿದ್ದರೂ.

ಇಷ್ಟೆಲ್ಲ ಸಿಕ್ಕ ಮೇಲೆ ತಪ್ಪಾಗುವುದು ಸಮಯದ ಲೆಕ್ಕದಲ್ಲಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನ್ನುವ ಫೈಲ್ ಜೋಡಣೆಯ ವಿಧಾನವಿರುವ ಡಿಸ್ಕ್ ಸಮಯವನ್ನು ಜಾಗತಿಕ ಸಮಯದಲ್ಲಿ ಇಡುತ್ತದೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಎಫ್‌ಎಟಿ-32 ಅನ್ನುವ ಹಳೆಯ ವಿಧಾನ ಇರುವ ಪೆನ್‌ಡ್ರೈವ್ ಆದರೆ ಸ್ಥಳೀಯ ಸಮಯವನ್ನೇ ಬರೆಯುತ್ತದೆ. ರಾತ್ರಿ 9ಕ್ಕೆ ನಡೆದ ಕಾಪಿಯನ್ನು ಅರೆಬರೆ ತಿಳಿದವರು ಮಧ್ಯಾಹ್ನ 3.30 ಅಂತ ಓದಿದರೆ, ಮಧ್ಯಾಹ್ನ ಆ ಕುರ್ಚಿಯಲ್ಲಿದ್ದ ಬಡಪಾಯಿಯ ಗತಿ ಏನು?

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಜುಲೈ ಮಳೆಗೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಇಂಟರ್ನೆಟ್ಟೂ ಇಲ್ಲದಿದ್ದರೆ ಅದು ತಾನಾಗಿ ಸರಿಯಾಗುವುದೂ ಇಲ್ಲ. ಅದಕ್ಕೇ ಯಂತ್ರ ವಶಕ್ಕೆ ಬಂದ ಕೂಡಲೇ ಅದರ ಗಡಿಯಾರಕ್ಕೂ ನಿಜ ಸಮಯಕ್ಕೂ ಇರುವ ವ್ಯತ್ಯಾಸ ಬರೆದಿಡುತ್ತಾರೆ. ತೊಂದರೆ ಕೊಡುವ ಕರೆಂಟೇ ಕೆಲವೊಮ್ಮೆ ಕೈ ಹಿಡಿಯುತ್ತದೆ. ಯುಪಿಎಸ್ ಇಲ್ಲದ ಯಂತ್ರ ದಿಢೀರ್ ಆಫ್ ಆದರೆ, ಮತ್ತೆ ಆನ್ ಆದಾಗ ವಿಂಡೋಸ್ ತನ್ನ ದಿನಚರಿಯಾದ ಲಾಗ್‌ನಲ್ಲಿ 6008 ಅನ್ನುವ ನಂಬರಿನೊಂದಿಗೆ ಅದನ್ನು ಬರೆದುಕೊಳ್ಳುತ್ತದೆ. ಅತ್ತ ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ಲೈನ್ ಹೋದ ಸಮಯ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಂತ್ರದ ಗಡಿಯಾರವನ್ನು ಎಷ್ಟು ನಂಬಬಹುದು ಅಂತ ತಿಳಿಯುತ್ತದೆ.

ಲಾಗಿನ್ ಹೆಸರನ್ನಷ್ಟೇ ನಂಬಿದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. ನ್ಯೂಜೆರ್ಸಿಯಲ್ಲಿ ಒಮೆಗಾ ಎಂಜಿನಿಯರಿಂಗ್ ಅನ್ನುವ, ಅಳತೆ ಉಪಕರಣ ಮಾಡುವ ಕಂಪನಿಯ ಕಾರ್ಖಾನೆ ಇತ್ತು. 1996ರ ಜುಲೈ 31ರ ಬೆಳಿಗ್ಗೆ ಒಬ್ಬ ಕೆಲಸಗಾರ ಎಂದಿನಂತೆ ಲಾಗಿನ್ ಆದ. ಸರ್ವರಿನಲ್ಲಿದ್ದ ತಯಾರಿಕೆಯ ಪ್ರೋಗ್ರಾಂಗಳೆಲ್ಲ ಅಳಿಸಿಹೋದವು. ಹೊರನೋಟಕ್ಕೆ ಅವನ ಲಾಗಿನ್ನಿನಿಂದಲೇ ಎಲ್ಲ ಶುರುವಾಗಿತ್ತು. ತಜ್ಞರು ಡಿಸ್ಕಿನ ನಕಲನ್ನು ಜಾಲಾಡಿದಾಗ ಕಂಪ್ಯೂಟರಿಗೆ ಬರೆದಿಟ್ಟ ಆರೇ ಸಾಲಿನ ಒಂದು ಆದೇಶ ಸಿಕ್ಕಿತು. ಮೊದಲ ಸಾಲಿನಲ್ಲಿ ಜುಲೈ 30ರ ದಿನಾಂಕವಿತ್ತು. ಆ ದಿನ ದಾಟಿದ ಮೇಲೆ ಯಾರೇ ಲಾಗಿನ್ ಆಗಿದ್ದರೂ ಅದೇ ಆಗುತ್ತಿತ್ತು. ಆ ನೆಟ್‌ವರ್ಕ್ ಕಟ್ಟಿ ನೋಡಿಕೊಳ್ಳುತ್ತಿದ್ದ ಟಿಮೊತಿ ಲಾಯ್ಡ್‌ನನ್ನು ಮೂರು ವಾರದ ಹಿಂದೆ ಕಂಪನಿ ಕೆಲಸದಿಂದ ತೆಗೆದಿತ್ತು. 2000ದಲ್ಲಿ ಅವನು ತಪ್ಪಿತಸ್ಥ ಅಂತ ತೀರ್ಪಾಯಿತು, ಆಮೇಲೆ 41 ತಿಂಗಳ ಶಿಕ್ಷೆ. ತನಿಖೆ ಲಾಗಿನ್ ಹೆಸರಿಗೇ ನಿಂತಿದ್ದರೆ ಸಿಕ್ಕಿಬೀಳುತ್ತಿದ್ದದ್ದು ಆ ಕೆಲಸಗಾರ, ಅಲ್ವಾ?

ನಮ್ಮಲ್ಲಿ ಇಂಥ ಕೃತ್ಯಕ್ಕೆ ಐಟಿ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳಿವೆ. 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಯವರು ಅಥವಾ ಅದಕ್ಕೂ ಮೇಲಿನವರೇ ಮಾಡಬೇಕು. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಕಂಪ್ಯೂಟರಿನ ದಾಖಲೆಯ ಪ್ರತಿಯ ಜೊತೆ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು. ಯಂತ್ರ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿ ಒಂದಕ್ಕೆ, ತಜ್ಞರ ಸಹಿ ಇನ್ನೊಂದಕ್ಕೆ. ಹ್ಯಾಶ್ ಸಾಲನ್ನೂ ಅದರಲ್ಲೇ ಬರೆಯಬೇಕು.

ಒಂದೇ ಪಾಸ್‌ವರ್ಡಿನ ಮಂಡಿಯಲ್ಲಿ ಇಷ್ಟೆಲ್ಲ ಮಾಡಿಯೂ ಕೊನೆಗೆ ಉಳಿಯುವುದು ‘ಅಡ್ಮಿನ್’ ಅನ್ನುವ ಒಂದು ಹೆಸರು. ಅದರ ಹಿಂದೆ ಕೂತಿದ್ದ ಮನುಷ್ಯನನ್ನು ಸಿಸಿ ಕ್ಯಾಮೆರಾ, ಹಾಜರಿ ಪುಸ್ತಕ, ಫೋನ್ ಕರೆಗಳಿಂದ ಹುಡುಕಬೇಕು. ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಕೆಲವು ವಾರಕ್ಕೇ ಹಳೆಯದರ ಮೇಲೆ ಬರೆದುಬಿಡುತ್ತದೆ. ವಿಂಡೋಸ್ ಸೆಕ್ಯುರಿಟಿ ಲಾಗ್‌ಗೂ ತಾನಾಗಿ ಸಿಗುವ ಜಾಗ ಸುಮಾರು 20 ಎಂಬಿ ಮಾತ್ರ. ತುಂಬಿದ ಕೂಡಲೇ ಹಳೆಯದು ಅಳಿಯುತ್ತದೆ. ಮಾರ್ಚ್‌ನ ಲೆಕ್ಕಪತ್ರದಲ್ಲಿ ಅನುಮಾನ ಬರುವ ಹೊತ್ತಿಗೆ ನವೆಂಬರಿನ ಲಾಗಿನ್‌ಗಳು ಇರುವುದೇ ಇಲ್ಲ. ಈ ಲಾಗ್ ತೋರಿಸುವ, ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್ ತೆರೆದು ಈ ಮಿತಿಯನ್ನು ಒಂದು ಜಿಬಿಗೆ ಏರಿಸಬಹುದು, ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಬಹುದು. ಎರಡಕ್ಕೂ ಕಾಸು ಖರ್ಚಿಲ್ಲ. ಯಾವ ಮಾಲೀಕರು ಮಾಡಿಸದಿದ್ದರೂ ಗುಮಾಸ್ತರೇ ಕೇಳಿ ಮಾಡಿಸಿಕೊಳ್ಳಬೇಕು.