ಕಾಗದ ಮುಟ್ಟದ ಇಂಕು

ಮೊನ್ನೆ ಭಾನುವಾರ ಹಳೇ ಪೇಪರ್ ಹಾಸಿಕೊಂಡು ನಮ್ಮ ಪ್ರಿಂಟರಿನ ಖಾಲಿಯಾದ ಒಂದು ಇಂಕಿನ ಕಾರ್ಟ್ರಿಡ್ಜ್ ಒಡೆದೆ. ಮೂರು ಬಣ್ಣದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟಿಕರ್ ಕಿತ್ತು, ಮುಚ್ಚಳದ ಸಂದಿಗೆ ಚಾಕು ತೂರಿಸಿ ಮೀಟಿದರೆ ಟಕ್ ಅಂತ ಬಂತು. ಒಳಗೆ ಮೂರು ಗೂಡು. ಒಂದೊಂದರಲ್ಲೂ ಒಂದೊಂದು ಸ್ಪಂಜು. ಹಳದಿ ಸ್ಪಂಜು ಒಣಗಿತ್ತು. ನೀಲಿ ಮತ್ತು ಗುಲಾಬಿ ಸ್ಪಂಜುಗಳನ್ನು ಹಿಂಡಿದರೆ ಇನ್ನೂ ಇಂಕು ಸುರಿಯಿತು. ಒಂದು ಬಣ್ಣ ಮುಗಿದಿದ್ದಕ್ಕೆ ಮೂರನ್ನೂ ಎಸೆಯಬೇಕಾಗಿತ್ತು. ಬೆರಳಿಗೆ ಹತ್ತಿದ ಗುಲಾಬಿ ಮೂರು ದಿನ ಹೋಗಲಿಲ್ಲ.

ಇದಕ್ಕೆ ನಾನು ಕೊಟ್ಟಿದ್ದು ಸುಮಾರು 900 ರೂಪಾಯಿ. ಒಳಗಿದ್ದ ಇಂಕು 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ. ಲೀಟರ್ ಲೆಕ್ಕಕ್ಕೆ ತಂದರೆ 1 ಲಕ್ಷ 80 ಸಾವಿರ. ಆ ದುಡ್ಡಿಗೆ ಒಂದು ಒಳ್ಳೇ ಬೈಕ್ ಬರುತ್ತದೆ. ಮಜಾ ಅಂದರೆ ಆ ಚಮಚದಲ್ಲಿ ಬಹುಪಾಲು ಬರೀ ನೀರು. ಉಳಿದದ್ದು ಬಣ್ಣ, ಬೇಗ ಒಣಗದಿರಲಿ ಅಂತ ಗ್ಲೈಕಾಲ್ ಥರದ ದ್ರವ, ಬೂಸ್ಟು ಹಿಡಿಯದಿರಲಿ ಅಂತ ಚೂರು ಔಷಧಿ. ನೀರಿಗೆ ಇಷ್ಟು ದುಡ್ಡಾ?

ಸ್ಪಂಜು ಯಾಕಿದೆ ಅನ್ನುವುದನ್ನು ಮೊದಲು ನೋಡೋಣ. ಕಾರ್ಟ್ರಿಡ್ಜಿನ ತೂತುಗಳು ಕೆಳಮುಖವಾಗಿರುತ್ತವೆ. ಆದರೂ ಇಂಕು ಸೋರುವುದಿಲ್ಲ, ಅಲ್ವಾ? ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಸ್ಪಂಜಿನ ಸಣ್ಣ ಸಣ್ಣ ಕಣ್ಣುಗಳು ಇಂಕನ್ನು ಮೇಲಕ್ಕೆ ಎಳೆದು ಹಿಡಿದಿರುತ್ತವೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಒಂಚೂರು ಕಡಿಮೆ. ಅಷ್ಟೇ ಸಾಕು. ಸಿರಿಂಜ್ ಹಿಡಿದು ರೀಫಿಲ್ ಮಾಡಿದವರಿಗೆ ಈ ಪಾಠ ಗೊತ್ತು. ಆಸೆಗೆ ಬಿದ್ದು ಒಂದೆರಡು ಮಿಲಿ ಜಾಸ್ತಿ ತುಂಬಿಸಿದರೆ ಆ ಹಿಡಿತ ತಪ್ಪುತ್ತದೆ, ಕೆಳಗೆ ತೊಟ್ಟಿಕ್ಕಲು ಶುರುವಾಗುತ್ತದೆ. ನಮ್ಮ ಮನೆಯ ಒಂದು ಟೇಬಲ್ ಬಟ್ಟೆ ಹೋಗಿದ್ದು ಹೀಗೆ.

ನಿಜವಾದ ಕೈಚಳಕ ಇರುವುದು ತಳದಲ್ಲಿ, ಉಗುರಿನಷ್ಟಗಲದ ಹೊಳೆಯುವ ಪಟ್ಟಿಯಲ್ಲಿ. ಅದರಲ್ಲಿ ನೂರಾರು ತೂತುಗಳು, ಅಂದರೆ ನಾಝಲ್‌ಗಳು. ಒಂದೊಂದರ ಅಗಲ ತಲೆಕೂದಲಿನ ಮೂರನೇ ಒಂದು ಭಾಗದಷ್ಟು, ಕೆಲವದರಲ್ಲಿ ಇನ್ನೂ ಸಣ್ಣದು. ಪ್ರತಿ ತೂತಿನ ಹಿಂದೆ ಒಂದು ಪುಟ್ಟ ಹೀಟರ್. ಅದಕ್ಕೆ ಒಂದೆರಡು ಮೈಕ್ರೋಸೆಕೆಂಡ್ ಕರೆಂಟ್ ಹರಿದರೆ ಅದರ ಮೈ 300 ಡಿಗ್ರಿ ದಾಟುತ್ತದೆ. ಅದಕ್ಕೆ ತಾಗಿಕೊಂಡಿದ್ದ ಇಂಕಿನ ತೀರಾ ತೆಳುವಾದ ಪದರ ತಟ್ಟನೆ ಆವಿಯಾಗಿ ಗುಳ್ಳೆ ಏಳುತ್ತದೆ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಅನ್ನುತ್ತದಲ್ಲ, ಅದೇ ಆಟ. ಗುಳ್ಳೆ ಮುಂದಿರುವ ಇಂಕನ್ನು ತಳ್ಳುತ್ತದೆ, ಹನಿ ಹೊರಗೆ ಹಾರುತ್ತದೆ. ಗುಳ್ಳೆ ಕುಸಿದ ಮೇಲೆ ಖಾಲಿಯಾದ ಜಾಗಕ್ಕೆ ಹೊಸ ಇಂಕು ತಾನಾಗಿ ನುಗ್ಗುತ್ತದೆ. ಇದೆಲ್ಲ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ಹನಿಯ ಗಾತ್ರ ಕೆಲವೇ ಪಿಕೋಲೀಟರ್. ಒಂದು ಪಿಕೋಲೀಟರ್ ಅಂದರೆ ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು. 5 ಪಿಕೋಲೀಟರಿನ ಹನಿ ಅಂದುಕೊಂಡರೆ ಒಂದು ಮಿಲಿ ಇಂಕಿನಿಂದ 20 ಕೋಟಿ ಹನಿ.

ಈ ಉಪಾಯ ಹೊಳೆದಿದ್ದು ಒಂದು ಎಡವಟ್ಟಿನಿಂದ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯಲ್ಲಿ ಇಚಿರೋ ಎಂಡೋ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದಾಗ, ಕಾದ ಸೋಲ್ಡರಿಂಗ್ ಕಡ್ಡಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಇಂಕು ಪುಚಕ್ ಅಂತ ಚಿಮ್ಮಿತು. ಬೇರೆಯವರಾಗಿದ್ದರೆ ಒರೆಸಿ ಸುಮ್ನೆ ಆಗುತ್ತಿದ್ದರೇನೋ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ಎಚ್‌ಪಿಯಲ್ಲಿ ಜಾನ್ ವಾಟ್ ಮತ್ತು ಸಂಗಡಿಗರು ತಾವೇ ಬೇರೆಯಾಗಿ ಇದೇ ದಾರಿಗೆ ಬಂದಿದ್ದರು. 1984ರಲ್ಲಿ ಎಚ್‌ಪಿಯ ಥಿಂಕ್‌ಜೆಟ್ ಪ್ರಿಂಟರ್ ಮಾರುಕಟ್ಟೆಗೆ ಬಂತು. ಅದರ ಕಾರ್ಟ್ರಿಡ್ಜಿನಲ್ಲಿ ಇದ್ದಿದ್ದು ಬರೀ 12 ನಾಝಲ್.

ಅಡುಗೆ ಮಾಡುವವರಿಗೆ ಹೊಳೆಯುವ ಪ್ರಶ್ನೆ ಒಂದಿದೆ: ಅಷ್ಟು ಬಿಸಿಗೆ ತಳ ಹಿಡಿಯುವುದಿಲ್ವಾ? ಹಿಡಿಯುತ್ತದೆ! ಬಣ್ಣದ ಕಣಗಳು ಸೀದು ಹೀಟರ್ ಮೇಲೆ ಕೂರುತ್ತವೆ, ಹನಿಗಳು ಬಡವಾಗುತ್ತವೆ. ಎಂಜಿನಿಯರುಗಳು ಇದಕ್ಕೆ ಕೊಗೇಶನ್ ಅನ್ನುತ್ತಾರೆ. ಜಪಾನಿ ಭಾಷೆಯಲ್ಲಿ ‘ಕೊಗೆ’ ಅಂದರೆ ಸೀದದ್ದು, ಅನ್ನದ ಪಾತ್ರೆಯ ತಳಕ್ಕೆ ಹತ್ತುತ್ತದಲ್ಲ, ಅದು. ನಮ್ಮ ಅಜ್ಜಿಗೂ ಅರ್ಥವಾಗುವ ತಾಂತ್ರಿಕ ಪದ ನನಗೆ ಗೊತ್ತಿರುವುದು ಇದೊಂದೇ.

ತಳ ಹಿಡಿದ ಪಾತ್ರೆ ಉಜ್ಜಬಹುದು, ಈ ಹೀಟರ್ ಉಜ್ಜಲಾಗದು. ಹಾಗಾಗಿ ಇಂಕಿನ ಜೊತೆ ಹೆಡ್ಡನ್ನೂ, ಅಂದರೆ ತೂತು ಮತ್ತು ಹೀಟರ್ ಇರುವ ಆ ಭಾಗವನ್ನೂ, ಎಸೆಯುವ ಹಾಗೆ ಕಾರ್ಟ್ರಿಡ್ಜ್ ಮಾಡಿದರು. 900 ರೂಪಾಯಿಯ ಒಂದು ಪಾಲು ಇಲ್ಲಿ ಹೋಗುತ್ತದೆ. ಆ ಹೊಳೆಯುವ ಪಟ್ಟಿ ಕಂಪ್ಯೂಟರ್ ಚಿಪ್ ಮಾಡುವ ರೀತಿಯಲ್ಲೇ ಸಿಲಿಕಾನ್ ಮೇಲೆ ಮಾಡಿದ್ದು. ಅದು ಪುಕ್ಕಟೆ ಬರುವುದಿಲ್ಲ, ಒಪ್ಪೋಣ. ಆದರೆ ಎಪ್ಸನ್ ಥರದ ಕಂಪನಿಗಳ ಪ್ರಿಂಟರಿನಲ್ಲಿ ಹೀಟರೇ ಇಲ್ಲ. ಕರೆಂಟ್ ಕೊಟ್ಟರೆ ಬಾಗುವ ಪೀಝೋ ವಸ್ತು ಇಂಕನ್ನು ಹಿಂಡಿ ಹನಿ ಮಾಡುತ್ತದೆ. ಹೆಡ್ ಪ್ರಿಂಟರಿನಲ್ಲೇ ಉಳಿಯುತ್ತದೆ. ಕಾರ್ಟ್ರಿಡ್ಜ್ ಅಂದರೆ ಇಂಕಿನ ಡಬ್ಬಿ, ಜೊತೆಗೊಂದು ಚಿಪ್, ಅಷ್ಟೇ. ಆ ಡಬ್ಬಿಯೂ ಅಗ್ಗವೇನಲ್ಲ. ಅಂದಮೇಲೆ ಹೆಡ್ಡಿನ ನೆಪ ಪೂರ್ತಿ ಉತ್ತರ ಆಗುವುದಿಲ್ಲ.

ಉಳಿದ ಉತ್ತರ ಪ್ರಿಂಟರಿನ ಬೆಲೆಯಲ್ಲಿದೆ. ಮೋಟರು, ಸ್ಕ್ಯಾನರ್, ವೈಫೈ ಎಲ್ಲ ಸೇರಿ ನಾಲ್ಕೈದು ಸಾವಿರಕ್ಕೆ ಹೇಗೆ ಕೊಡುತ್ತಾರೆ? ಯಂತ್ರದಲ್ಲಿ ಬಿಟ್ಟ ದುಡ್ಡನ್ನು ಇಂಕಿನಲ್ಲಿ ಕಂತು ಕಂತಾಗಿ ತೆಗೆಯುತ್ತಾರೆ. ಇದು ನನ್ನ ಅನುಮಾನ ಅಲ್ಲ. 2024ರ ಜನವರಿಯಲ್ಲಿ ಎಚ್‌ಪಿಯ ಆಗಿನ ಮುಖ್ಯಸ್ಥ ಎನ್ರಿಕೆ ಲೋರೆಸ್ ಟಿವಿ ಸಂದರ್ಶನದಲ್ಲೇ ಇದನ್ನು ಒಪ್ಪಿಕೊಂಡರು. ಪ್ರಿಂಟರ್ ಕೊಂಡ ಗಿರಾಕಿ ಎಂದರೆ ತಮ್ಮ ಹೂಡಿಕೆ, ಅವನು ಸಾಕಷ್ಟು ಪ್ರಿಂಟ್ ತೆಗೆಯದಿದ್ದರೆ ಅಥವಾ ತಮ್ಮ ಇಂಕು ಕೊಳ್ಳದಿದ್ದರೆ ಅದು ಕೆಟ್ಟ ಹೂಡಿಕೆ ಎಂಬ ಅರ್ಥದ ಮಾತಾಡಿದರು. ನನ್ನಂಥ ಗಿರಾಕಿ ಯಾವ ಲೆಕ್ಕಕ್ಕೆ ಸೇರುತ್ತಾನೋ!

ಯಾಕೆಂದರೆ ನಾನು ಪ್ರಿಂಟ್ ತೆಗೆಯುವುದೇ ಅಪರೂಪ. ಆದರೂ ಇಂಕು ಖಾಲಿಯಾಗುತ್ತಲೇ ಇತ್ತು. ಒಂದು ವರ್ಷ ಪ್ರಿಂಟರ್ ಪಕ್ಕದಲ್ಲೇ ನೋಟ್‌ಬುಕ್ ಇಟ್ಟು ಲೆಕ್ಕ ಬರೆದೆ. ಒಡೆದ ಆ ಕಾರ್ಟ್ರಿಡ್ಜಿನಿಂದ ಬಂದಿದ್ದು 60 ಪುಟ ಕೂಡ ಇಲ್ಲ. ಉಳಿದ ಇಂಕು ಎಲ್ಲಿ ಹೋಯಿತು?

ಅದನ್ನು ಕಂಡಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ರಿಪೇರಿ ಅಂಗಡಿಯಲ್ಲಿ. ‘ಪ್ಯಾಡ್ ಫುಲ್ ಆಗಿದೆ ಸಾರ್’ ಅಂತ ಹುಡುಗ ನನ್ನ ಹಳೇ ಪ್ರಿಂಟರಿನ ತಳ ಬಿಚ್ಚಿದ. ಒಳಗೆ ಅಂಗೈಯಗಲದ ದಪ್ಪ ಬಟ್ಟೆಯಂಥ ಪ್ಯಾಡ್, ಕಪ್ಪಗೆ, ಒದ್ದೆಯಾಗಿ ಭಾರವಾಗಿತ್ತು. ತೂತುಗಳು ಗಾಳಿಗೆ ತೆರೆದಿರುತ್ತವಲ್ಲ, ಇಂಕಿನ ನೀರು ಆರಿ ಅಲ್ಲೇ ಗಟ್ಟಿಯಾಗುತ್ತದೆ. ಪ್ರಿಂಟಿನಲ್ಲಿ ಬಿಳಿ ಗೆರೆ ಬೀಳುತ್ತದೆ. ನಾವು ಹೆಡ್ ಕ್ಲೀನಿಂಗ್ ಒತ್ತುತ್ತೇವೆ. ಆಗ ಪುಟ್ಟ ಪಂಪ್ ಒಂದು ತೂತುಗಳಿಂದ ಹೊಸ ಇಂಕನ್ನೇ ಎಳೆದು ಈ ಪ್ಯಾಡಿಗೆ ಉಗಿಯುತ್ತದೆ. ನಾವು ಒತ್ತದಿದ್ದರೂ ಆನ್ ಮಾಡಿದಾಗಲೆಲ್ಲ ಗರಗರ ಅನ್ನುತ್ತಾ ಎಷ್ಟೋ ಪ್ರಿಂಟರುಗಳು ತಾವೇ ಒಂದು ಗುಟುಕು ಉಗಿಯುತ್ತವೆ. ಕಮ್ಮಿ ಪ್ರಿಂಟ್ ತೆಗೆದಷ್ಟೂ ಜಾಸ್ತಿ ಒಣಗುತ್ತದೆ, ಜಾಸ್ತಿ ಒಣಗಿದಷ್ಟೂ ಜಾಸ್ತಿ ಉಗಿಯುತ್ತದೆ. ನನ್ನ ದುಡ್ಡಿನ ಇಂಕು ಆ ಪ್ಯಾಡಿನಲ್ಲಿತ್ತು.

‘ಇಂಕು ಮುಗಿಯಿತು’ ಅನ್ನುವ ಸೂಚನೆಯೂ ಎಷ್ಟೋ ಪ್ರಿಂಟರುಗಳಲ್ಲಿ ಕಣ್ಣಾರೆ ನೋಡಿ ಹೇಳಿದ್ದಲ್ಲ. ಎಷ್ಟು ಹನಿ ಹಾರಿತು, ಎಷ್ಟು ಸಲ ತೊಳೆಯಿತು ಅಂತ ಎಣಿಸಿ ಕಳೆಯುತ್ತದೆ.

ಆಗ್ನೇಯ ಏಷ್ಯಾದ ಅಂಗಡಿಯವರು ದುಬಾರಿ ಇಂಕಿಗೆ ತಮ್ಮದೇ ಮದ್ದು ಮಾಡಿಕೊಂಡರು. ಕಾರ್ಟ್ರಿಡ್ಜಿಗೆ ತೂತು ಕೊರೆದು, ಟ್ಯೂಬ್ ಸಿಕ್ಕಿಸಿ, ಪಕ್ಕದಲ್ಲಿ ಇಂಕಿನ ಬಾಟಲಿ ನೇತುಹಾಕಿದರು. ನಮ್ಮ ಜೆರಾಕ್ಸ್ ಅಂಗಡಿಗಳಲ್ಲೂ ಈ ಟ್ಯೂಬುಗಳು ನೇತಾಡುತ್ತಿದ್ದವು. ಕೊನೆಗೆ 2010ರಲ್ಲಿ ಎಪ್ಸನ್ ತಾನೇ ಟ್ಯಾಂಕ್ ಇರುವ ಪ್ರಿಂಟರನ್ನು ಇಂಡೋನೇಷ್ಯಾದಲ್ಲಿ ಬಿಟ್ಟಿತು. ಯಂತ್ರದ ಬೆಲೆ ಜಾಸ್ತಿ, ಇಂಕು ಅಗ್ಗ. ಅದರ 70 ಮಿಲಿಯ ಕಪ್ಪು ಬಾಟಲಿಗೆ ಕಂಪನಿ ಹೇಳುವ ಲೆಕ್ಕ 4,000 ಪುಟ. ನಾನು ಕೊಂಡಾಗ ಬಾಟಲಿಗೆ 500 ರೂಪಾಯಿ ಆಸುಪಾಸು. ಮಿಲಿಗೆ ಏಳು ರೂಪಾಯಿ ಚಿಲ್ಲರೆ. ನನ್ನ ಕಾರ್ಟ್ರಿಡ್ಜಿನಲ್ಲಿ ಮಿಲಿಗೆ 180. ಕಪ್ಪು ಅಕ್ಷರಕ್ಕಿಂತ ಬಣ್ಣದ ಪುಟ ಹೆಚ್ಚು ಕುಡಿಯುವುದರಿಂದ ಪುಟದ ಲೆಕ್ಕ ನೇರವಾಗಿ ಹೋಲಿಸುವಂತಿಲ್ಲ. ಮಿಲಿಯ ಲೆಕ್ಕ ಮಾತ್ರ ಹೋಲಿಸಬಹುದು.

ಟ್ಯಾಂಕ್ ಬಂದರೂ ತೂತು ಒಣಗುವುದು ನಿಂತಿಲ್ಲ. ಕೆಲಸ ಮುಗಿದ ಮೇಲೆ ಹೆಡ್ ಒಂದು ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರಬೇಕು. ಪ್ರಿಂಟರಿನ ಗುಂಡಿ ಒತ್ತಿ ಆರಿಸಿದರೆ ಕೂರುತ್ತದೆ. ನಮ್ಮ ಮನೆಯಲ್ಲಿ ಗೋಡೆಯ ಸ್ವಿಚ್ಚನ್ನೇ ಪಟ್ ಅಂತ ಆರಿಸುವ ಅಭ್ಯಾಸ. ಪ್ರಿಂಟ್ ನಡುವೆ ಹಾಗೆ ಆರಿಸಿದರೆ ಹೆಡ್ ದಾರಿಯಲ್ಲೇ ಬಾಯಿ ತೆರೆದು ನಿಂತುಬಿಡುತ್ತದೆ. ಅದಕ್ಕೇ ಸ್ವಿಚ್ಚಿಗೆ ಸೆಲ್ಲೋಟೇಪ್ ಅಂಟಿಸಿದ್ದೇನೆ. ಭಾನುವಾರಕ್ಕೊಮ್ಮೆ ಮಗಳು ಬಣ್ಣ ಬಣ್ಣದ್ದೊಂದು ಪುಟ ಪ್ರಿಂಟ್ ತೆಗೆಯುತ್ತಾಳೆ. ಈ ವಾರ ಒಂದು ನವಿಲು ಬಂತು. ಬಾಲದಲ್ಲಿ ಒಂದು ಬಿಳಿ ಗೆರೆ ಇತ್ತು, ಕ್ಲೀನಿಂಗ್ ಒತ್ತದೆ ಹಾಗೇ ಫ್ರಿಜ್ ಮೇಲೆ ಅಂಟಿಸಿದೆವು.