ಒತ್ತೆಯಿಟ್ಟ ಮಕ್ಕಳು, ಮೂಲೆಯಲ್ಲಿ ನಿಂತ ಚಿತ್ರಗಾರ

ಟಿಪ್ಪು ಹೆಸರು ಚರ್ಚೆಗೆ ಬಂದಾಗಲೆಲ್ಲ ಒಂದು ಹಳೆಯ ಚಿತ್ರ ಮೊಬೈಲಿಂದ ಮೊಬೈಲಿಗೆ ಓಡಾಡುತ್ತದೆ. ಟಿಪ್ಪುವಿನ ಇಬ್ಬರು ಪುಟ್ಟ ಮಕ್ಕಳು, ಅವರನ್ನು ಕೈ ಹಿಡಿದು ಬರಮಾಡಿಕೊಳ್ಳುವ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಬರೆದವರು ಯಾರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅದು ಅವರ ತಪ್ಪೇನಲ್ಲ. ಈ ಒಂದೇ ದೃಶ್ಯವನ್ನು ಆಗ ಹಲವರು ಬರೆದರು. ಮೇದರ್ ಬ್ರೌನ್, ಹೆನ್ರಿ ಸಿಂಗಲ್ಟನ್ ಅಂಥವರು ಇಂಡಿಯಾಕ್ಕೆ ಬಂದವರೇ ಅಲ್ಲ. ಲಂಡನ್ನಿನಲ್ಲಿ ಕೂತೇ ಬರೆದರು. ಸೈನ್ಯದ ಜೊತೆ ಇಲ್ಲೆಲ್ಲ ಅಲೆದವನು ರಾಬರ್ಟ್ ಹೋಮ್.

ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಹಲ್ ಊರಿನಲ್ಲಿ. ರೋಮ್, ಡಬ್ಲಿನ್, ಲಂಡನ್ ಅಂತ ಸುತ್ತಿ, ದೊಡ್ಡವರ ಮುಖ ಬರೆದು ಹೊಟ್ಟೆ ಹೊರೆಯುತ್ತಿದ್ದ. 1791ರ ಶುರುವಿನಲ್ಲಿ ಮದ್ರಾಸಿಗೆ ಬಂದಿಳಿದ. ಆಗ ಟಿಪ್ಪುವಿಗೂ ಕಂಪನಿಗೂ ಮೂರನೇ ಮೈಸೂರು ಯುದ್ಧ ನಡೆದಿತ್ತು. ಅವನು ಕಾರ್ನ್‌ವಾಲಿಸ್ ಸೈನ್ಯದ ಜೊತೆ ಹೊರಟ.

ಆ ವರ್ಷ ಮಾರ್ಚ್ 7ರಂದು ಕಂಪನಿ ಸೈನ್ಯ ಬೆಂಗಳೂರು ಪೇಟೆಗೆ ನುಗ್ಗಿತು. ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಗುಂಡು ತಗುಲಿ ಸತ್ತ. ಹೋಮ್ ಅದನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದ. ಸಾಯುತ್ತಿರುವ ಅಧಿಕಾರಿ, ಸುತ್ತ ಕುಗ್ಗಿಹೋದ ಗೆಳೆಯರು. ಚಿತ್ರಗಾರ ಬೆಂಜಮಿನ್ ವೆಸ್ಟ್ 1770ರಲ್ಲಿ, ಕೆನಡಾದ ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೇನಾನಿ ಜನರಲ್ ವುಲ್ಫ್ ಸಾವನ್ನು ಬರೆದಿದ್ದ ಅಚ್ಚೇ ಇದು. ಗೆದ್ದವರ ಮನೆಯ ಗೋಡೆಗೆ ಒಪ್ಪುವ ಸಾವು. ಪೇಟೆಯಲ್ಲಿ ಅವತ್ತು ಸತ್ತ ಉಳಿದವರಿಗೆ ಅಂಥ ಕ್ಯಾನ್ವಾಸ್ ಯಾರು ತಾನೇ ಮಾಡಿಸಿಯಾರು?

ಮರುವರ್ಷ ಫೆಬ್ರವರಿ 26ರಂದು ಶ್ರೀರಂಗಪಟ್ಟಣದ ಹೊರಗೆ, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್ ಡೇರೆಗೆ ಬಂದರು. ದೊಡ್ಡವನಿಗೆ ಸುಮಾರು ಹತ್ತು, ಚಿಕ್ಕವನಿಗೆ ಎಂಟು. ಉದ್ದನೆಯ ಬಿಳಿ ಮಸ್ಲಿನ್ ಅಂಗಿ, ಕೆಂಪು ರುಮಾಲು, ಕೊರಳಲ್ಲಿ ಮುತ್ತಿನ ಸರ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಅರ್ಧ ರಾಜ್ಯ ಕೊಡುವ ಒಪ್ಪಂದಕ್ಕೆ ಈ ಮಕ್ಕಳು ಅಡವು. ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಹೋಮ್ ಇದನ್ನೂ ದೊಡ್ಡದಾಗಿ ಬರೆದ. ಚಿತ್ರದಲ್ಲಿ ಅಡವಿನ ಲೆಕ್ಕ ಕಾಣುವುದಿಲ್ಲ. ಊರಿಗೆ ಬಂದ ಮೊಮ್ಮಕ್ಕಳನ್ನು ಕರೆದುಕೊಳ್ಳುವ ಅಜ್ಜನ ಹಾಗೆ ಕಾಣುತ್ತಾನೆ ಲಾರ್ಡ್.

ಜಾಗಗಳ ವಿಷಯಕ್ಕೆ ಬಂದರೆ ಹೋಮ್ ಬೇರೆಯೇ ಮನುಷ್ಯ. ಬೆಂಗಳೂರು ಕೋಟೆ, ಸಾವನದುರ್ಗ, ಶಿವಗಂಗೆಯನ್ನು ಅವನು ಬರೆದದ್ದು ನೋಡಿ. ಬಂಡೆ ಬಂಡೆಯಾಗಿಯೇ ಇದೆ. ಈ ಜಾಗಗಳ ಚಿತ್ರಗಳ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒತ್ತೆಯಿಟ್ಟ ಮಕ್ಕಳು ಅಪ್ಪನ ಬಳಿ ವಾಪಸಾದದ್ದೂ ಅದೇ ವರ್ಷ. ಬೆಂಗಳೂರು ಕೋಟೆಯಲ್ಲಿ ಈಗ ಡೆಲ್ಲಿ ಗೇಟ್ ಕಡೆಯದು ಒಂದಿಷ್ಟು ಬಿಟ್ಟರೆ ಏನೂ ಉಳಿದಿಲ್ಲ. ಅಳಿದುಹೋದದ್ದು ಹೇಗಿತ್ತು ಅಂತ ತಿಳಿಯಲು ಈ ಪುಸ್ತಕವನ್ನೇ ತೆಗೆಯಬೇಕು.

ಆಮೇಲೆ ಹೋಮ್ ಹೋದದ್ದು ಕಲ್ಕತ್ತಾಕ್ಕೆ, ಅಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಮತ್ತು ಅವನ ತಮ್ಮ ಆರ್ಥರ್‌ನ ಭಾವಚಿತ್ರಗಳು. 1814ರಿಂದ ಲಖನೌ ನವಾಬನ ಆಸ್ಥಾನ ಚಿತ್ರಗಾರ. ಕಂಪನಿಯ ಗೆಲುವು ಬರೆದ ಕೈ ಅಲ್ಲಿ ನವಾಬನ ಕಿರೀಟ, ಅಂಬಾರಿಗಳಿಗೂ ವಿನ್ಯಾಸ ಮಾಡಿತು. ಸಂಬಳ ಯಾರದಾದರೇನು, ಅಲ್ವಾ? 1834ರಲ್ಲಿ ಕಾನ್ಪುರದಲ್ಲಿ ತೀರಿಕೊಂಡ.

ಮೂರ್‌ಹೌಸ್ ಸಾವು, ಮಕ್ಕಳು ಒತ್ತೆಯಾದದ್ದು, ಆ ಎರಡೂ ದೊಡ್ಡ ಚಿತ್ರಗಳು ಈಗ ಲಂಡನ್ನಿನ ಸೇನಾ ಮ್ಯೂಸಿಯಮ್ಮಿನಲ್ಲಿವೆ. ಮಕ್ಕಳ ಚಿತ್ರದ ಎಡ ತುದಿಯಲ್ಲಿ ಒಬ್ಬ ಕಂಕುಳಲ್ಲಿ ಹಾಳೆಗಳ ಕಟ್ಟು ಇಟ್ಟುಕೊಂಡು ನಿಂತಿದ್ದಾನೆ. ಅವನೇ ಹೋಮ್.